ವಿಮಾನ ಬದಲಾದಾಗ ಬಿಸಿನೆಸ್ ಕ್ಲಾಸ್ ಸೀಟು ಕಾಪಾಡಿಕೊಳ್ಳುವುದು ಹೇಗೆ?

ರಾಯಚೂರಿನಿಂದ ಹೈದರಾಬಾದ್‌ನ ಶಂಶಾಬಾದ್ ವಿಮಾನ ನಿಲ್ದಾಣ ತಲುಪಲು ನಾಲ್ಕು ತಾಸಾದರೂ ಬೇಕು. ಅಷ್ಟು ದೂರ ಹೋದ ಮೇಲೆ, ಕಾಯ್ದಿರಿಸಿದ್ದ ವಿಮಾನದ ಬದಲು ಬೇರೆ ಮಾದರಿಯದು ಹಾರಲಿದೆ ಎಂದು ಕೌಂಟರಿನಲ್ಲಿ ಕೇಳಿದರೆ ನಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಆದ್ದರಿಂದ ಈ ಕೆಲಸವನ್ನು ಮನೆಯಲ್ಲಿಯೇ ಮುಗಿಸಬೇಕು.

ಟಿಕೆಟ್ ಕೊಂಡ ದಿನವೇ ವಿಮಾನದ ಮಾದರಿಯನ್ನು ಬರೆದಿಟ್ಟುಕೊಂಡು, ಸೀಟಿನ ನಕ್ಷೆಯ ಸ್ಕ್ರೀನ್‌ಶಾಟ್ ತೆಗೆದಿಡಿ. ತಾಂತ್ರಿಕ ದೋಷ ಕಂಡಾಗ ಅಥವಾ ಬುಕಿಂಗ್ ಕಡಿಮೆಯಾದಾಗ ಕಂಪನಿಗಳು ವಿಮಾನ ಬದಲಿಸುವುದುಂಟು. ಅವು ಸಾಮಾನ್ಯವಾಗಿ ಖಾತ್ರಿ ಕೊಡುವುದು ದರ್ಜೆಗೇ ಹೊರತು ನಿರ್ದಿಷ್ಟ ಸೀಟಿಗಲ್ಲ.

ನಮ್ಮ ತಂದೆ-ತಾಯಿಗೆ ನಾನು 5ಎ, 5ಸಿ ಸೀಟು ಹಿಡಿದಿದ್ದೆ. ಆ ವಿಮಾನದಲ್ಲಿ ಸಾಲಿಗೆ ಎರಡು-ಎರಡು-ಎರಡು ಸೀಟು; ಕಿಟಕಿಯದು ‘ಎ’, ಅದರ ಪಕ್ಕದ್ದು ‘ಸಿ’. ಬದಲಿ ವಿಮಾನದಲ್ಲಿ ಒಂದು-ಎರಡು-ಒಂದು ಇದ್ದುದರಿಂದ ‘ಸಿ’ ಅಕ್ಷರದ ಸೀಟೇ ಇರಲಿಲ್ಲ. ಅವ್ವ ಎರಡು ಸಾಲು ಹಿಂದೆ, ಇನ್ನೊಂದು ಬದಿಯ ಕಿಟಕಿಗೆ ಹೋಗಿದ್ದರು. ಸೀಟು ಮೊದಲಿಗಿಂತ ಚೆನ್ನಾಗಿತ್ತು, ಆದರೆ ಸಕ್ಕರೆ ಕಾಯಿಲೆಯ ಅವ್ವನಿಗೆ ಹೊತ್ತಿಗೆ ಸರಿಯಾಗಿ ಮಾತ್ರೆ ನೆನಪಿಸುವವರು ಪಕ್ಕದಲ್ಲಿರಲಿಲ್ಲ. ಬದಲಾವಣೆಯ ಸಂದೇಶ ಬಂದಿದ್ದು ಏಜೆಂಟರ ಮೊಬೈಲಿಗೆ, ನಮಗಲ್ಲ. ಹೀಗಾಗಿ ಏಜೆಂಟರ ಮೂಲಕ ಟಿಕೆಟ್ ಮಾಡಿಸುವವರು ಪಿಎನ್‌ಆರ್‌ನಲ್ಲಿ ತಮ್ಮದೇ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ಸೇರಿಸಲು ಹೇಳಲೇಬೇಕು.

ಪ್ರಯಾಣಕ್ಕೆ ಒಂದು ವಾರ ಮುಂಚೆ, ಮತ್ತೆ ಮೂರು ದಿನ ಮುಂಚೆ, ಕೊನೆಗೆ ಊರು ಬಿಡುವ ಮುನ್ನ ನಕ್ಷೆಯನ್ನು ಹಳೆಯ ಚಿತ್ರದೊಂದಿಗೆ ಹೋಲಿಸಿ ನೋಡಿ. ದರ್ಜೆ ಉಳಿದು ಸೀಟು ಮಾತ್ರ ಬದಲಾಗಿದ್ದರೆ ಕೂಡಲೇ ಕರೆ ಮಾಡಿ ಜೊತೆ ಸೀಟು ಕೇಳಿ. ಖಾಲಿ ಸೀಟುಗಳು ಬೇಗ ತುಂಬುತ್ತವೆ. ಸೀಟಿಗೆಂದೇ ಹೆಚ್ಚುವರಿ ಹಣ ತೆತ್ತಿದ್ದರೆ ಅದನ್ನು ಮರಳಿ ಕೇಳಿ.

ದರ್ಜೆಯೇ ಇಳಿದರೆ ಮಾತು ಬೇರೆ. ಒಂದೂ ಬಿಸಿನೆಸ್ ಸೀಟಿಲ್ಲದ ವಿಮಾನ ಬಂದಿದ್ದರೆ, ಅದೇ ದರ್ಜೆ ಸಿಗುವ ಬೇರೆ ವಿಮಾನಕ್ಕೆ ಬದಲಿಸಿಕೊಡುವಂತೆ ಮೊದಲು ಕೇಳಿ. ಅದು ಆಗದೆ ಕೆಳದರ್ಜೆಯಲ್ಲೇ ಹೋಗಬೇಕಾದರೆ, ಒಪ್ಪಿಗೆಯಿಂದ ಇಳಿದಿದ್ದೇನೆ ಎಂಬ ಕಾಗದಕ್ಕೆ ಸಹಿ ಹಾಕದೆ, ಇಳಿಸಿದ ಕಾರಣವನ್ನು ಬರಹದಲ್ಲಿ ಪಡೆಯಿರಿ. 2023ರ ಫೆಬ್ರುವರಿ 15ರಿಂದ ಜಾರಿಯಲ್ಲಿರುವ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನಿಯಮದಂತೆ ದೇಶದೊಳಗಿನ ಪ್ರಯಾಣಕ್ಕೆ ತೆರಿಗೆ ಸೇರಿದ ಟಿಕೆಟ್ ದರದ ಶೇ 75ರಷ್ಟನ್ನು ಕಂಪನಿ ಮರಳಿಸಬೇಕು. ವಿದೇಶ ಪ್ರಯಾಣದಲ್ಲಿ 1,500 ಕಿ.ಮೀ.ವರೆಗೆ ಶೇ 30, 3,500 ಕಿ.ಮೀ.ವರೆಗೆ ಶೇ 50, ಅದಕ್ಕೂ ಮೇಲ್ಪಟ್ಟರೆ ಶೇ 75. ಹೈದರಾಬಾದ್‌ನಿಂದ ದುಬೈಗೆ ಹೋಗುವವರು ಎರಡನೆಯ ಗುಂಪಿಗೆ ಸೇರುತ್ತಾರೆ.

ಹೊಸ ಸೀಟಿನ ಸಂಖ್ಯೆಯಿರುವ ಬೋರ್ಡಿಂಗ್ ಪಾಸನ್ನು ಊರಿಗೆ ಮರಳಿದ ಮೇಲೂ ಎಸೆಯಬೇಡಿ. ಮೊದಲ ದೂರು ಕಂಪನಿಗೆ. ಅಲ್ಲಿ ಕೆಲಸವಾಗದಿದ್ದರೆ ಕೇಂದ್ರ ಸರ್ಕಾರದ ಏರ್‌ಸೇವಾ ತಾಣದಲ್ಲಿ ಹಳೆಯ ಸ್ಕ್ರೀನ್‌ಶಾಟ್ ಮತ್ತು ಈ ಪಾಸನ್ನು ಜೊತೆಗಿಟ್ಟು ದೂರು ದಾಖಲಿಸಿ.