ಅರವತ್ತು ದಾಟಿದ ಮೇಲೆ ಪರದೇಶದ ಸೇವೆಗೆ ಹೊರಟವರಿಗೆ

ಹೋದ ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯ ಒಂದು ಜೋಡಿ ಕಾರವಾರದ ಕೋಡಿಬಾಗದ ನಮ್ಮ ಮನೆಗೆ ಬಂದಿದ್ದರು. ಇಬ್ಬರೂ ನಿವೃತ್ತರು. ಮಿಷನ್ ಸೇವೆಗೆ ಅಂತ ಒಂದೂವರೆ ವರ್ಷ ಕೀನ್ಯಾಕ್ಕೆ ಹೊರಟಿದ್ದಾರೆ. ನಾವು ಇದ್ದ ಕಿಸುಮು ಊರಿಗೇ. ಚಹಾ ಕುಡಿಯುತ್ತಾ ಆಕೆ ಕೇಳಿದರು: "ಅಕ್ಕೋರೇ, ಪ್ರಸಂಗ, ಪ್ರಾರ್ಥನೆ ಎಲ್ಲಾ ಗೊತ್ತು. ಬೆಳಿಗ್ಗೆ ಎದ್ದು ರಾತ್ರಿ ಮಲಗೋವರೆಗೆ ಅಲ್ಲಿ ಏನು ಮಾಡೋದು?"

ಕೇಳಬೇಕಾದದ್ದೇ ಅದು. ನಾವು ಹೊರಟಾಗ ಇದನ್ನು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ನಮ್ಮ ಮನೆಯವರು ಲೈನ್‌ಮ್ಯಾನ್ ಆಗಿ ಸೇರಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ನಾನು 31 ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದವಳು. ಹೋದಾಗ ಅವರಿಗೆ 66, ನನಗೆ 62. ಮೊದಲ ಎರಡು ತಿಂಗಳು ಯಾರು ಕರೆದರೂ ಹೋದೆವು, ಏನು ಕೇಳಿದರೂ ಹೂಂ ಅಂದೆವು. ಮೂರನೇ ತಿಂಗಳು ಇಬ್ಬರೂ ಒಟ್ಟಿಗೆ ಹಾಸಿಗೆ ಹಿಡಿದೆವು. ನೆರೆಮನೆಯ ಹೆಂಗಸರು ಬಂದು ನಮಗೇ ಗಂಜಿ ಕಾಯಿಸಿ ಕೊಡಬೇಕಾಯಿತು. ಎದ್ದ ಮೇಲೆ ಮೊದಲು ಒಂದು ದಿನ ಹೇಗಿರಬೇಕು ಅಂತ ಕೂತು ಬರೆದೆವು. ಸೇವೆ ಅಂತ ನಾವು ಮಾಡಿದ್ದು ಏನಾದರೂ ಉಳಿದಿದ್ದರೆ ಅದು ಆಮೇಲೆ ಮಾಡಿದ್ದೇ.

ಹೊರಡುವ ಮೊದಲು

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಪ್ರವಾಸಿಗರ ಅನುಮತಿಯಲ್ಲಿ ಹೋಗಿ ಸೇವೆ ಮಾಡಬೇಡಿ. ಮಿಷನ್ ಕೆಲಸಕ್ಕೆ ಬೇರೆ ಪರ್ಮಿಟ್ ಇದೆ. ನಿಮ್ಮನ್ನು ಕರೆಸಿಕೊಳ್ಳುವ ಸಭೆಯವರೇ ಮುಂದೆ ನಿಂತು ಅದನ್ನು ಮಾಡಿಸಬೇಕು.

ಹಳದಿ ಜ್ವರದ ಲಸಿಕೆಯ ಬಗ್ಗೆ ತಡ ಮಾಡಬೇಡಿ. ಕೀನ್ಯಾದಿಂದ ಭಾರತಕ್ಕೆ ವಾಪಸ್ ಬರುವಾಗ ಅದರ ಸರ್ಟಿಫಿಕೇಟ್ ಕೇಳುತ್ತಾರೆ. ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದಲೇ 6 ದಿನದವರೆಗೆ ಪ್ರತ್ಯೇಕ ಇಡಬಹುದು. ಲಸಿಕೆ ಹಾಕಿಸಿದ 10 ದಿನದ ನಂತರವೇ ಸರ್ಟಿಫಿಕೇಟ್ ಲೆಕ್ಕಕ್ಕೆ ಬರುತ್ತದೆ. ಸರ್ಕಾರ ಗೊತ್ತು ಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಅರವತ್ತು ದಾಟಿದವರಿಗೆ ಈ ಲಸಿಕೆಯಿಂದ ತೊಂದರೆ ಆಗುವ ಸಾಧ್ಯತೆ ಸ್ವಲ್ಪ ಜಾಸ್ತಿ. ಹಾಗಾಗಿ ನಿಮ್ಮ ಖಾಯಂ ಡಾಕ್ಟರ ಹತ್ತಿರ ಮೊದಲು ಮಾತಾಡಿ. ಮಲೇರಿಯಾ ತಡೆಯುವ ಮಾತ್ರೆಯನ್ನೂ ಅವರೇ ನಿಮ್ಮ ಬಿಪಿ, ಸಕ್ಕರೆ ಮಾತ್ರೆಗೆ ಹೊಂದಿಸಿ ಬರೆದುಕೊಡಲಿ.

ಮಾತ್ರೆಗಳೆಲ್ಲ ಕೈಚೀಲದಲ್ಲೇ ಇರಲಿ. ನಮ್ಮ ದೊಡ್ಡ ಪೆಟ್ಟಿಗೆ ನಾಲ್ಕು ದಿನ ತಡವಾಗಿ ಬಂತು, ಇವರ ಬಿಪಿ ಮಾತ್ರೆ ಅದರೊಳಗಿತ್ತು. ಆ ನಾಲ್ಕು ದಿನ ನಾನು ನಿದ್ದೆ ಮಾಡಲಿಲ್ಲ.

ಪಿಂಚಣಿ ಬರುವವರು ಬದುಕಿದ್ದೇವೆ ಅಂತ ವರ್ಷಕ್ಕೊಮ್ಮೆ ಪ್ರಮಾಣಪತ್ರ ಕೊಡಬೇಕಲ್ವಾ? ಹೊರಗಿನಿಂದ ಅದನ್ನು ಹೇಗೆ ಕೊಡಬೇಕು ಅಂತ ಬ್ಯಾಂಕಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಭಾರತದ ಹೈಕಮಿಷನ್ ಇರುವುದು ನೈರೋಬಿಯಲ್ಲಿ. ಕಿಸುಮುವಿನಿಂದ ಅಲ್ಲಿಗೆ ಬಸ್ಸಿನಲ್ಲಿ ಏಳೆಂಟು ತಾಸು. ಒಂದು ಸಹಿಗಾಗಿ ಅಷ್ಟು ದೂರ ಹೋಗುವುದು ಈ ವಯಸ್ಸಿಗೆ ಬೇಡ. ಇಲ್ಲಿಯ ಸಿಮ್ಮಿಗೆ ರೋಮಿಂಗ್ ಹಾಕಿಸಿ, ರೀಚಾರ್ಜ್ ಮಾಡುವ ಕೆಲಸ ಮಗನಿಗೋ ಮಗಳಿಗೋ ಒಪ್ಪಿಸಿ. ಸಿಮ್ ಸತ್ತರೆ ಬ್ಯಾಂಕಿನ ಓಟಿಪಿ ಬರುವುದಿಲ್ಲ.

ಅಲ್ಲಿ ಕರೆಂಟ್ 240 ವೋಲ್ಟ್. ನಮ್ಮ ಮಿಕ್ಸರ್ ಸರಿಯಾಗಿ ನಡೆಯುತ್ತದೆ. ಆದರೆ ಪ್ಲಗ್ಗಿನ ಮೂರು ಕಡ್ಡಿಯೂ ಚಪ್ಪಟೆ, ಅಡಾಪ್ಟರ್ ಬೇಕು. ಪ್ಲಾಸ್ಟಿಕ್ ಕ್ಯಾರಿಬ್ಯಾಗನ್ನು 2017ರಲ್ಲೇ ನಿಷೇಧ ಮಾಡಿದ್ದಾರೆ. ಸಾಮಾನು ಕಟ್ಟುವಾಗ ಬಟ್ಟೆಚೀಲ ಬಳಸಿ.

ದಿನ ಹೀಗಿರಲಿ

ಕಿಸುಮು ಇರುವುದು ವಿಕ್ಟೋರಿಯಾ ಸರೋವರದ ದಂಡೆಯಲ್ಲಿ, ಹೆಚ್ಚುಕಡಿಮೆ ಭೂಮಧ್ಯರೇಖೆಯ ಮೇಲೆ. ವರ್ಷಪೂರ್ತಿ ಸೂರ್ಯ ಬೆಳಿಗ್ಗೆ ಆರೂವರೆ ಆಸುಪಾಸಿಗೆ ಹುಟ್ಟುತ್ತಾನೆ, ಸಂಜೆ ಅಷ್ಟೇ ಹೊತ್ತಿಗೆ ಮುಳುಗುತ್ತಾನೆ. ನಾವು ಐದೂವರೆಗೆ ಏಳುತ್ತಿದ್ದೆವು. ಮೊದಲ ಒಂದು ತಾಸು ನಮ್ಮದು. ಕನ್ನಡ ಸತ್ಯವೇದ ಓದಿ, ಕನ್ನಡದಲ್ಲೇ ಪ್ರಾರ್ಥನೆ. ಆ ಹೊತ್ತಿನಲ್ಲಿ ಯಾರು ಬಾಗಿಲು ತಟ್ಟಿದರೂ, ಯಾರಿಗೂ ಜೀವಕ್ಕೆ ಅಪಾಯವಿಲ್ಲ ಅಂದರೆ, ಕಾಯಲು ಹೇಳಿ. ಇದು ಸ್ವಾರ್ಥ ಅಂತ ನನಗೆ ಮೊದಲು ಅನ್ನಿಸಿತ್ತು. ಅಲ್ಲ. ದಿನವಿಡೀ ಬೇರೆ ಭಾಷೆಯಲ್ಲಿ ತಡವರಿಸುವವರಿಗೆ ತಮ್ಮ ಭಾಷೆಯ ಒಂದು ತಾಸು ಅನ್ನದ ಹಾಗೆ.

ಆಮೇಲೆ ನೀರು. ಕುದಿಸಿ, ಆರಿಸಿ, ಮುಚ್ಚಿಡುವುದು. ಇದನ್ನು ನಮ್ಮ ಮನೆಯವರು ಕೊನೆಯ ದಿನದವರೆಗೆ ತಪ್ಪಿಸಲಿಲ್ಲ.

ಎಂಟೂವರೆಯಿಂದ ಹನ್ನೆರಡರವರೆಗೆ ಕೆಲಸ. ನಾನು ಸಭೆಯ ಶಿಶುಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಕಲಿಸುವ ಹುಡುಗಿಯರ ಪಕ್ಕದಲ್ಲಿ ಕೂರುತ್ತಿದ್ದೆ. ಹುಣಸೆಬೀಜ ಎಣಿಸಿ ಕೂಡಿಸುವ, ಕಳೆಯುವ ಪಾಠ ಹೇಳಿಕೊಟ್ಟೆ. ಇವರು ಅಲ್ಲಿಯ ಎಲೆಕ್ಟ್ರಿಷಿಯನ್ ಒಬ್ಬರ ಜೊತೆ ಹುಡುಗರಿಗೆ ಅರ್ತಿಂಗ್ ಮಾಡುವುದನ್ನು ತೋರಿಸಿದರು. ಜೊತೆ ಅನ್ನುವ ಮಾತನ್ನು ಬೇಕೆಂದೇ ಹೇಳುತ್ತಿದ್ದೇನೆ. ಒಬ್ಬರೇ ಮಾಡುವ ಯಾವ ಕೆಲಸವನ್ನೂ ಹಿಡಿಯಬೇಡಿ. ನೀವು ವಾಪಸ್ ಬಂದ ದಿನವೇ ಅದು ನಿಲ್ಲುತ್ತದೆ. ಅಲ್ಲಿಯವರು ಹೆಚ್ಚಿನವರು ಮೊದಲೇ ಕ್ರೈಸ್ತರು, ಅವರಿಗೆ ಅವರ ಸಭಾಪಾಲಕರಿದ್ದಾರೆ, ಅವರ ಹಾಡು ನಮಗಿಂತ ಚೆಂದ. ಕರೆದರೆ ಮಾತಾಡಿ, ಇಲ್ಲದಿದ್ದರೆ ಬೆಂಚಿನ ಮೇಲೆ ಕೂತು ಕೇಳಿ.

ಮಧ್ಯಾಹ್ನ ಊಟ, ನಿದ್ದೆ. ಮೂರು ಗಂಟೆಯವರೆಗೆ ಯಾರಿಗೂ ಸಮಯ ಕೊಡಬೇಡಿ. ನಮ್ಮ ಕಾರವಾರದ ಮಳೆ ಜೂನ್‌ನಲ್ಲಿ ಹಿಡಿದರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಅಲ್ಲಿ ಹಾಗಲ್ಲ. ಮಧ್ಯಾಹ್ನದ ನಂತರ ಸರೋವರದ ಕಡೆಯಿಂದ ಮೋಡ ಕಟ್ಟಿ, ಸಿಡಿಲು ಬಡಿದು, ಒಂದೆರಡು ತಾಸಿನಲ್ಲಿ ಎಲ್ಲ ಮುಗಿಯುತ್ತದೆ. ಮಾರ್ಚ್‌ನಿಂದ ಮೇವರೆಗೆ ಇದು ಜೋರು. ಮೋಡ ಕಂಡರೆ ಹೊರಡಬೇಡಿ.

ಸಂಜೆ ಎರಡು ಮನೆ ಭೇಟಿ, ಅಷ್ಟೇ. ಓಡಾಟಕ್ಕೆ ನಮ್ಮ ಆಟೋದಂಥದ್ದೇ ಗಾಡಿ ಸಿಗುತ್ತದೆ, ಟುಕ್‌ಟುಕ್ ಅನ್ನುತ್ತಾರೆ. ಬೋಡಾ ಬೋಡಾ ಅನ್ನುವ ಬಾಡಿಗೆ ಬೈಕ್ ಹತ್ತಬೇಡಿ. ಈ ವಯಸ್ಸಿನಲ್ಲಿ ಸೊಂಟ ಮುರಿದರೆ ಸೇವೆ ಅಲ್ಲಿಗೇ ಮುಗಿಯಿತು. ಕತ್ತಲಾಗುವ ಮೊದಲು ಮನೆ ಸೇರಿ, ಮೈತುಂಬ ಬಟ್ಟೆ ಹಾಕಿಕೊಳ್ಳಿ. ರಾತ್ರಿ ಸೊಳ್ಳೆಪರದೆಯನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿಯೇ ಮಲಗಿ.

ವಾರಕ್ಕೊಂದು ದಿನ ಏನೂ ಮಾಡದೆ ಇರಿ. ಭಾನುವಾರ ಆಗುವುದಿಲ್ಲ, ಆರಾಧನೆಯೇ ಮೂರು ತಾಸು ನಡೆಯುತ್ತದೆ. ನಾವು ಸೋಮವಾರ ಇಟ್ಟುಕೊಂಡಿದ್ದೆವು.

ಗಡಿಯಾರ ಮತ್ತು ಭಾಷೆ

ಇದನ್ನು ಮೊದಲೇ ತಿಳಿದುಕೊಳ್ಳಿ. ಅಲ್ಲಿ ಆಡುವ ಸ್ವಾಹಿಲಿ ಭಾಷೆಯಲ್ಲಿ ಹೊತ್ತನ್ನು ಎಣಿಸುವುದು ಬೆಳಗಿನಿಂದ. ನಮ್ಮ 7 ಗಂಟೆ ಅವರ 1. ನಮ್ಮ 9 ಅವರ 3. ನಮ್ಮ ಅಜ್ಜಂದಿರು ಸೂರ್ಯ ಹುಟ್ಟಿದಾಗಿನಿಂದ ಘಳಿಗೆ ಎಣಿಸುತ್ತಿದ್ದರಲ್ಲ, ಹಾಗೆಯೇ. ನನಗೆ ಇದು ಗೊತ್ತಿರಲಿಲ್ಲ. ಬುಧವಾರ "ಸಾ ತಾತು"ಗೆ ಬನ್ನಿ ಅಂದರು. ತಾತು ಅಂದರೆ ಮೂರು ಅಂತ ಕಲಿತಿದ್ದೆ. ಮಧ್ಯಾಹ್ನ ಮೂರಕ್ಕೆ ಹೋದೆ. ಬೆಳಿಗ್ಗೆ ಒಂಬತ್ತರಿಂದ ಹದಿನಾಲ್ಕು ಹೆಂಗಸರು, ಕೆಲವರು ಕೂಸು ಕಟ್ಟಿಕೊಂಡು, ನನಗಾಗಿ ಕಾದು ಮನೆಗೆ ಹೋಗಿದ್ದರು. ಒಬ್ಬೊಬ್ಬರ ಮನೆಗೂ ಹೋಗಿ ಕ್ಷಮೆ ಕೇಳಿದೆ. ಸುಲಭದ ದಾರಿ ಹೇಳುತ್ತೇನೆ: ಕೈಗಡಿಯಾರದ ಚಿಕ್ಕ ಮುಳ್ಳು ಇರುವ ಅಂಕಿಗೆ ಸರಿಯಾಗಿ ಎದುರಿನ ಅಂಕಿ ಓದಿ. 9ರ ಎದುರು 3. ಇಂಗ್ಲಿಷಿನಲ್ಲಿ ಹೇಳಿದರೆ ಮಾತ್ರ ನಮ್ಮ ಲೆಕ್ಕವೇ. ಅನುಮಾನ ಬಂದರೆ "ಬೆಳಿಗ್ಗೆಯೋ, ಸಂಜೆಯೋ" ಅಂತ ಮತ್ತೆ ಕೇಳಿ.

ಭಾಷೆ ಕಲಿಯುವ ವಯಸ್ಸು ಹೋಯಿತು ಅನ್ನಬೇಡಿ. ಕಿಟ್ಟೆಲ್ ನಮ್ಮ ನಾಡಿಗೆ ಬಂದದ್ದು 1853ರಲ್ಲಿ, ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ಅಷ್ಟು ವರ್ಷ ನಮ್ಮ ಮಾತಿಗೆ ಕಿವಿ ಕೊಟ್ಟದ್ದಕ್ಕೇ ಅವರನ್ನು ಇವತ್ತಿಗೂ ನೆನೆಯುತ್ತೇವೆ. ನಮಗೆ ಅಷ್ಟು ಸಮಯ ಇಲ್ಲ. ಆದರೆ ದಿನಕ್ಕೆ ಎರಡು ಪದ ಆಗುತ್ತದೆ. ಅಂಗಡಿಗೆ ದುಕಾ, ಔಷಧಿಗೆ ದಾವಾ, ಚಪಾತಿಗೆ ಚಪಾತಿಯೇ. ಕಾರವಾರದ ಕಿವಿಗೆ ಇವು ಹೊಸದಲ್ಲ. ಸಂತೆಯಲ್ಲಿ ಒಬ್ಬ ಅಜ್ಜಿಗೆ ಅವರ ಲುವೊ ಭಾಷೆಯಲ್ಲಿ "ಎರೊ ಕಮಾನೊ" ಅಂದೆ, ಉಪಕಾರ ಆಯ್ತು ಅಂತ. ಅವರು ನನ್ನ ಎರಡೂ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ಅಡುಗೆ

ಬಿಳಿ ಮೆಕ್ಕೆಜೋಳದ ಹಿಟ್ಟಿನ ಉಗಾಲಿ ಅವರ ಊಟ. ಬಯಲುಸೀಮೆಯ ಮುದ್ದೆಯ ಅಣ್ಣ ಅನ್ನಿ. ಜೊತೆಗೆ ಸುಕುಮಾ ವಿಕಿ ಅನ್ನುವ ಸೊಪ್ಪು. ವಾರ ದೂಡುವುದು ಅಂತ ಆ ಹೆಸರಿನ ಅರ್ಥ, ಕಡಿಮೆ ದುಡ್ಡಿನಲ್ಲಿ ವಾರ ಕಳೆಸುವ ಸೊಪ್ಪು. ಸರೋವರದ ಪುಟ್ಟ ಮೀನು ಒಮೆನಾ, ಒಣಗಿಸಿ ಮಾರುತ್ತಾರೆ. ನಮ್ಮ ಒಣಮೀನಿನ ಹಾಗೆಯೇ ಹುರಿದು ಮೆಣಸು ಹಾಕಿ ಮಾಡಿದೆ. ಕಿಸುಮುವಿನಲ್ಲಿ ಭಾರತೀಯರ ಅಂಗಡಿಗಳಿವೆ. ಮೊಂಬಾಸಾದಿಂದ ಕಿಸುಮುವರೆಗಿನ ರೈಲುದಾರಿಯನ್ನು 1896ರಿಂದ 1901ರವರೆಗೆ ಹಾಕಿದವರು ಬಹಳಷ್ಟು ನಮ್ಮ ದೇಶದ ಕೂಲಿಯವರೇ. ಬೇಳೆ, ಸಾಸಿವೆ, ಇಂಗು ಎಲ್ಲ ಸಿಗುತ್ತದೆ. ಸಿಗದಿರುವುದು ನಮ್ಮ ಕುಚ್ಚಲಕ್ಕಿ. ತೆಂಗಿನಕಾಯಿ ದೂರದ ಕರಾವಳಿಯಿಂದ ಬರಬೇಕು, ಹಾಗಾಗಿ ತುಟ್ಟಿ. ನಾನು ಒಣಗಿದ ಮುರುಗಲ ಸಿಪ್ಪೆ, ಕುಕ್ಕರಿನ ಎರಡು ಗ್ಯಾಸ್ಕೆಟ್ ಒಯ್ದಿದ್ದೆ. ಎರಡೂ ಕೆಲಸಕ್ಕೆ ಬಂದವು.

ಯಾರ ಮನೆಗೆ ಹೋದರೂ ಕೊಟ್ಟದ್ದನ್ನು ತಿನ್ನಿ. ಸಕ್ಕರೆ ಕಾಯಿಲೆ ಇದ್ದರೆ ಚಹಾ ಬರುವ ಮೊದಲೇ ಹೇಳಿ, ಹಾಕಿ ತಂದ ಮೇಲೆ ಬೇಡ ಅನ್ನಬೇಡಿ.

ಹಣ

ಇಲ್ಲಿ ನಾನು ತಪ್ಪು ಮಾಡಿದೆ. ಒಬ್ಬ ತಾಯಿ ಮಗಳ ಶಾಲೆ ಫೀಸಿಗೆ ಅಂತ ಕೇಳಿದರು. ಹುಡುಗಿ ಬುದ್ಧಿವಂತೆ. ನಾನೂ ಶಿಕ್ಷಕಿ, ಮನಸ್ಸು ಕೇಳಲಿಲ್ಲ. ಇವರಿಗೂ ಹೇಳದೆ ಕೈಯಲ್ಲಿ ಹಣ ಇಟ್ಟೆ. ಮುಂದಿನ ವಾರ ಗೇಟಿನ ಹತ್ತಿರ ಹನ್ನೊಂದು ಜನ ನಿಂತಿದ್ದರು. ಎಲ್ಲರ ಕಷ್ಟವೂ ನಿಜವೇ. ಹತ್ತು ಜನರಿಗೆ ಇಲ್ಲ ಅನ್ನಬೇಕಾಯಿತು. ಮೊದಲು ತೆಗೆದುಕೊಂಡ ಆ ತಾಯಿ ನೆರೆಯವರ ಮಾತು ಕೇಳಲಾರದೆ ಒಂದು ತಿಂಗಳು ಸಭೆಗೇ ಬರಲಿಲ್ಲ. ನನ್ನ ಒಳ್ಳೆಯತನದಿಂದ ಅವರಿಗೆ ಅವಮಾನ ಆಯಿತು.

ಆಮೇಲೆ ಹೀಗೆ ಮಾಡಿದೆವು. ತಿಂಗಳಿಗೆ ಇಷ್ಟು ಅಂತ ಗಂಡ ಹೆಂಡತಿ ಕೂತು ಗೊತ್ತು ಮಾಡಿದೆವು. ಅದನ್ನು ಸಭೆಯ ಸಹಾಯ ನಿಧಿಗೆ ಹಾಕಿದೆವು. ಯಾರಿಗೆ ಕೊಡಬೇಕು ಅನ್ನುವುದು ಅಲ್ಲಿಯ ಹಿರಿಯರ ತೀರ್ಮಾನ. ಶಾಲೆಯ ಫೀಸು ನೇರ ಶಾಲೆಗೆ ಹೋಗುತ್ತಿತ್ತು. ಅಲ್ಲಿ ಎಲ್ಲರೂ ಫೋನಿನ ಎಂ-ಪೆಸಾದಲ್ಲೇ ಹಣ ಕಳಿಸುತ್ತಾರೆ, 2007ರಿಂದ ಇದೆ, ಕಲಿಯುವುದು ಕಷ್ಟವಲ್ಲ. ಕೇಳಲು ಬಂದವರಿಗೆ ಕುರ್ಚಿ ಕೊಡಿ, ಚಹಾ ಕೊಡಿ, ಪೂರ್ತಿ ಕೇಳಿ, ಆಮೇಲೆ ನಿಧಿಯ ದಾರಿ ಹೇಳಿ. ಬಾಗಿಲಲ್ಲೇ ನಿಲ್ಲಿಸಿ ಕಳಿಸಬೇಡಿ.

ಬಡ ಮಕ್ಕಳ ಫೋಟೋ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕುವುದು ಬೇಡವೇ ಬೇಡ. ನಮ್ಮ ಮೊಮ್ಮಕ್ಕಳನ್ನು ಯಾರಾದರೂ ಹಾಗೆ ಹಾಕಿದರೆ ಸುಮ್ನೆ ಇರುತ್ತೀವಾ?

ಸಾವಿನ ಮನೆ

ವಯಸ್ಸಾದವರು ಮಾಡಬಹುದಾದ ದೊಡ್ಡ ಕೆಲಸ ಇದೇ ಅಂತ ನನಗೆ ಅನ್ನಿಸುತ್ತದೆ. ಯಾರೇ ತೀರಿಕೊಂಡರೂ ದೇಹವನ್ನು ಹುಟ್ಟೂರಿನ ಮನೆಗೆ ಒಯ್ಯುತ್ತಾರೆ. ಅಂತ್ಯಕ್ರಿಯೆ ದಿನಪೂರ್ತಿ ನಡೆಯುತ್ತದೆ. ಹಿರಿಯರು ಬಂದು ಕೂತರೆ ಅದಕ್ಕೆ ಬಹಳ ಬೆಲೆ. "ಪೋಲೆ" ಅಂದರೆ ಸಾಕು, ನಿಮ್ಮ ನೋವು ನನಗೂ ತಟ್ಟಿತು ಅಂತ. ಪ್ರಾರ್ಥನೆಗೆ ಕೇಳಿದರೆ ಎರಡು ನಿಮಿಷ. ಕೇಳದಿದ್ದರೆ ಸುಮ್ನೆ ಕೂತಿರಿ. ಮಗನನ್ನು ಕಳೆದುಕೊಂಡ ಒಬ್ಬ ಹೆಂಗಸಿನ ಪಕ್ಕ ನಾನು ಚಾಪೆಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕೂತಿದ್ದೆ. ಇಬ್ಬರಿಗೂ ಇನ್ನೊಬ್ಬರ ಭಾಷೆ ಬರುತ್ತಿರಲಿಲ್ಲ. ಒಂದೂವರೆ ವರ್ಷದಲ್ಲಿ ನಾನು ಮಾಡಿದ ಯಾವ ಪಾಠವೂ ಅದಕ್ಕೆ ಸಮ ಅಲ್ಲ. ನೀರಿನ ಬಾಟಲಿ, ಕೊಡೆ, ಮಾತ್ರೆ ಜೊತೆಗಿರಲಿ.

ನೀವಿಬ್ಬರೂ

ಇಲ್ಲಿ ಇವರಿಗೆ ಸಂಜೆಯ ಟಾಗೋರ್ ಬೀಚಿನ ಗೆಳೆಯರು, ನನಗೆ ಓಣಿಯ ಹೆಂಗಸರು. ಅಲ್ಲಿ ಇಪ್ಪತ್ತನಾಲ್ಕು ತಾಸೂ ಇಬ್ಬರೇ. ಮೂರನೇ ವಾರ ಅಕ್ಕಿಯಲ್ಲಿ ಕಲ್ಲು ಸಿಕ್ಕಿತು ಅಂತ ಶುರುವಾದ ಜಗಳ ಎರಡು ದಿನ ನಡೆಯಿತು. ಹಾಗಾಗಿ ದಿನಕ್ಕೆ ಒಂದು ತಾಸು ಬೇರೆ ಬೇರೆ ಇರಿ. ಇವರು ಸರೋವರದ ಕಡೆ ನಡೆಯಲು ಹೋಗುತ್ತಿದ್ದರು, ನಾನು ಹೊಲಿಗೆ ಹಿಡಿದು ಕೂರುತ್ತಿದ್ದೆ. ಬೇಜಾರಾದರೆ ಮನೆಯ ನೆನಪಾಗುತ್ತಿದೆ ಅಂತ ಬಾಯಿಬಿಟ್ಟು ಹೇಳಿ, ಸಿಟ್ಟು ಮಾಡಿಕೊಳ್ಳಬೇಡಿ. ಊರಿಗೆ ಫೋನು ವಾರಕ್ಕೆರಡು ಸಲ ಸಾಕು. ಅಲ್ಲಿ ಸಂಜೆ 6 ಅಂದರೆ ಇಲ್ಲಿ ರಾತ್ರಿ ಎಂಟೂವರೆ, ಮೊಮ್ಮಕ್ಕಳು ಇನ್ನೂ ಎದ್ದಿರುತ್ತಾರೆ. ದಿನಾ ಮಾಡಿದರೆ ಮನಸ್ಸು ಇಲ್ಲೇ ಉಳಿಯುತ್ತದೆ.

ಬಂದ ಮೇಲೆ

ವಾಪಸ್ ಬಂದು ಒಂದು ವರ್ಷದೊಳಗೆ ಜ್ವರ ಬಂದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ, ಕೀನ್ಯಾದಲ್ಲಿ ಇದ್ದೆವು ಅಂತ ಮೊದಲ ಮಾತಿಗೇ ಹೇಳಿ. ಮಳೆಗಾಲದಲ್ಲಿ ನಮ್ಮ ಕಡೆ ಜ್ವರ ಅಂದರೆ ಡೆಂಗಿ, ಇಲಿಜ್ವರ ಅಂತಲೇ ಯೋಚನೆ ಹೋಗುತ್ತದೆ. ಅಲ್ಲಿಯ ಮಲೇರಿಯಾ ಬೇಗ ತಲೆಗೇರುವ ಜಾತಿಯದು. ಬಂದ ಮೂರನೇ ವಾರ ಇವರಿಗೆ ಜ್ವರ ಬಂತು. ನಾನು ಹೇಳಿದ್ದರಿಂದ ಅವತ್ತೇ ರಕ್ತ ಪರೀಕ್ಷೆ ಮಾಡಿದರು, ಮಲೇರಿಯಾ ಸಿಕ್ಕಿತು, ಔಷಧಿ ಶುರುವಾಯಿತು.

ನಮ್ಮ ಹತ್ತಿರ ಎರಡು ಅಡಾಪ್ಟರ್, ಒಂದು ದೊಡ್ಡ ಸೊಳ್ಳೆಪರದೆ, ನಾನು ಕೈಯಲ್ಲಿ ಬರೆದ ಪದಗಳ ಪುಸ್ತಕ ಇದೆ. ಹೊರಡುವ ಮೊದಲು ಒಂದು ಸಂಜೆ ಬಂದು ತಗೊಂಡು ಹೋಗಿ.