ಬಸಿರಿನ ಗೆರೆಗಳು: ಎಣ್ಣೆಗಿಂತ ಮೊದಲು ತೂಕ

ಚೊಚ್ಚಲ ಬಸುರಿಯರು ಎಣ್ಣೆಯ ಶೀಸೆ ಕೊಳ್ಳುವ ಮುನ್ನ ತಾಯಿಯನ್ನೋ ಅಕ್ಕನನ್ನೋ ಒಂದು ಮಾತು ಕೇಳಬೇಕು: ನಿನ್ನ ಹೊಟ್ಟೆಯ ಮೇಲೆ ಗೆರೆ ಬಿದ್ದಿದ್ದವೇ? ಬಿದ್ದಿದ್ದರೆ ನಿಮಗೂ ಬೀಳುವ ಸಂಭವ ಹೆಚ್ಚು. ಸ್ಟ್ರೆಚ್ ಮಾರ್ಕ್ ಎನ್ನುವ ಈ ಗೆರೆ ಹುಟ್ಟುವುದು ಚರ್ಮದ ಮೇಲ್ಪದರದಲ್ಲಲ್ಲ; ಬಸಿರಿನ ಹಾರ್ಮೋನುಗಳಿಂದ ಸಡಿಲಗೊಂಡ ಒಳಪದರದ ಕೊಲಾಜೆನ್ ಮತ್ತು ಎಲಾಸ್ಟಿನ್ ನಾರುಗಳು ಹಿಗ್ಗುವ ವೇಗವನ್ನು ತಾಳಲಾರದೆ ಹರಿದಾಗ, ಆ ಹರಕು ಮೇಲೆ ಕೆಂಪು ಅಥವಾ ನೇರಳೆ ಗೆರೆಯಾಗಿ ಕಾಣುತ್ತದೆ. ಹೆಚ್ಚಿನವರಿಗೆ ಇವು ಆರನೆಯ ತಿಂಗಳ ನಂತರ ಮೂಡುತ್ತವೆ. ಸಂಪೂರ್ಣವಾಗಿ ತಡೆಯುವ ಉಪಾಯವಿಲ್ಲ, ಕಡಿಮೆ ಮಾಡಿಕೊಳ್ಳಲು ದಾರಿಯಿದೆ.

ಅದರಲ್ಲಿ ಮುಖ್ಯವಾದದ್ದು ತೂಕ ಒಮ್ಮೆಲೇ ಏರದಂತೆ ನೋಡಿಕೊಳ್ಳುವುದು. ನಮ್ಮ ವಿಜಯಪುರದ ಕಡೆ ಕುಬಸದ (ಸೀಮಂತದ) ಹೊತ್ತಿಗೆ ಬೀಗರು, ನೆರೆಹೊರೆಯವರು ಸರದಿಯಂತೆ ಕರೆದು ಹೋಳಿಗೆ, ಕರಿಗಡಬು ಉಣಿಸುತ್ತಾರೆ. ಎರಡು ಜೀವಕ್ಕೆ ಉಣ್ಣು ಎಂಬ ಒತ್ತಾಯವನ್ನು ನಿರಾಕರಿಸುವುದು ಸುಲಭವಲ್ಲ. ಆದರೆ ಐದನೆಯ ತಿಂಗಳ ಬಳಿಕ ದಿನಕ್ಕೆ ಹೆಚ್ಚುವರಿಯಾಗಿ ಬೇಕಾದದ್ದು ಸುಮಾರು 350 ಕಿಲೋಕ್ಯಾಲರಿ ಮಾತ್ರ, ಅಂದರೆ ಹೆಚ್ಚುಕಡಿಮೆ ಇನ್ನೊಂದು ಜೋಳದ ರೊಟ್ಟಿ ಮತ್ತು ಒಂದು ಬಟ್ಟಲು ಮಡಕಿ ಕಾಳಿನ ಪಲ್ಯ. ಮೊದಲೇ ತೂಕ ಸರಿಯಿದ್ದವರಿಗೆ ಒಟ್ಟು 10ರಿಂದ 12 ಕಿಲೋ, ನಾಲ್ಕನೆಯ ತಿಂಗಳ ನಂತರ ತಿಂಗಳಿಗೆ ಸುಮಾರು 2 ಕಿಲೋ ಏರಿದರೆ ಸಾಕು. ತಾಯಿ ಕಾರ್ಡಿನಲ್ಲಿ ಪ್ರತಿ ತಪಾಸಣೆಯಲ್ಲೂ ಬರೆಯುವ ತೂಕವನ್ನು ಹಿಂದಿನದರೊಂದಿಗೆ ಹೋಲಿಸಿ ನೋಡಿ. ಹಾಗೆಂದು ಗೆರೆಯ ಭಯಕ್ಕೆ ಉಪವಾಸ ಮಾಡುವುದು ಸಲ್ಲದು. ಕೂಸಿಗಿಂತ ಚರ್ಮ ದೊಡ್ಡದಲ್ಲ.

ಎಣ್ಣೆಯ ವಿಷಯಕ್ಕೆ ಬಂದರೆ, ಒಟ್ಟು 800 ಮಹಿಳೆಯರನ್ನು ಒಳಗೊಂಡ 6 ಪ್ರಯೋಗಗಳನ್ನು ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆ 2012ರಲ್ಲಿ ಪರಿಶೀಲಿಸಿ, ಯಾವ ಲೇಪವೂ ಗೆರೆಗಳನ್ನು ತಡೆಯುತ್ತದೆಂಬುದಕ್ಕೆ ಬಲವಾದ ಆಧಾರವಿಲ್ಲ ಎಂದಿತು. ಆದ್ದರಿಂದ ದುಬಾರಿ ಕ್ರೀಮಿಗೆ ಹಣ ಸುರಿಯುವುದು ನನಗೆ ಒಪ್ಪಿಗೆಯಿಲ್ಲ. ಆದರೂ ಹಿಗ್ಗುವ, ಅದರಲ್ಲೂ ನಮ್ಮ ಒಣಹವೆಗೆ ಬಿರಿಯುವ ಚರ್ಮದ ತುರಿಕೆಯನ್ನು ಎಣ್ಣೆ ಶಮನಗೊಳಿಸುತ್ತದೆ. ಸ್ನಾನವಾದ ಮೇಲೆ ಮೈಯನ್ನು ಪೂರ್ತಿ ಒರೆಸದೆ, ಸ್ವಲ್ಪ ತೇವ ಇರುವಾಗಲೇ ಒಂದು ಚಮಚ ಕೊಬ್ಬರಿ ಎಣ್ಣೆಯನ್ನು ಅಂಗೈಯಲ್ಲಿ ತಿಕ್ಕಿ ಬೆಚ್ಚಗೆ ಮಾಡಿಕೊಳ್ಳಿ. ಚಳಿಗಾಲದಲ್ಲಿ ಗಟ್ಟಿಯಾಗಿದ್ದರೆ ಬಟ್ಟಲನ್ನು ಬಿಸಿನೀರಿನಲ್ಲಿಡಿ. ಹೊಕ್ಕುಳ ಕೆಳಭಾಗ, ಪಕ್ಕೆ, ತೊಡೆ, ಎದೆಯ ಬದಿಗೆ ಒತ್ತದೆ ಸವರಿ. ಎಲ್ಲರೂ ಹೊಟ್ಟೆಯ ನಡುವಿಗೇ ಹಚ್ಚುತ್ತಾರೆ, ಗೆರೆಗಳು ಹೆಚ್ಚಾಗಿ ಬೀಳುವುದು ಕೆಳಗೆ ಮತ್ತು ಬದಿಗಳಲ್ಲಿ. ಕೆರೆದರೆ ಗೆರೆ ಬೀಳುತ್ತದೆಂಬ ಹಿರಿಯರ ಮಾತು ನಿಜವಲ್ಲ, ಆದರೆ ಉಗುರಿನ ಗಾಯ ನಂಜೇರಬಹುದಾದ್ದರಿಂದ ಕೆರೆಯದಿರುವುದೇ ಮೇಲು.

ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಡುವ ಕ್ರೀಮುಗಳ ಬಗ್ಗೆ ಎಚ್ಚರವಿರಲಿ. ರೆಟಿನಾಯ್ಡ್ (ಎ ಜೀವಸತ್ವದ ಬಗೆಯ ಔಷಧಿ) ಇರುವವು ಬಸಿರಿನಲ್ಲಿ ನಿಷಿದ್ಧ. ಬೀಟಾಮೆಥಸೋನ್, ಕ್ಲೋಬೆಟಸಾಲ್‌ನಂಥ ಸ್ಟೀರಾಯ್ಡುಗಳನ್ನು ಬಹುಕಾಲ ಹಚ್ಚಿದರೆ ಚರ್ಮ ತೆಳುವಾಗಿ ಅವೇ ಗೆರೆ ತರಿಸುತ್ತವೆ.

ಕೊನೆಯ ತಿಂಗಳುಗಳಲ್ಲಿ ಗುಳ್ಳೆಗಳಿಲ್ಲದೆ ಅಂಗೈ, ಅಂಗಾಲು ರಾತ್ರಿಯಿಡೀ ತುರಿಸಿದರೆ ಅದನ್ನು ಎಣ್ಣೆ ಹಚ್ಚಿ ಸಹಿಸಬಾರದು. ಪಿತ್ತರಸದ ಹರಿವು ಕುಗ್ಗುವ ಕೊಲೆಸ್ಟಾಸಿಸ್ ಎಂಬ ತೊಂದರೆಯ ಲಕ್ಷಣ ಅದಾಗಿರಬಹುದು, ಕೂಸಿಗೂ ಅಪಾಯವಿರುವುದರಿಂದ ತಡಮಾಡದೆ ವೈದ್ಯರಲ್ಲಿ ರಕ್ತಪರೀಕ್ಷೆ ಮಾಡಿಸಬೇಕು. ಇನ್ನು, ಮೂಡಿದ ಗೆರೆಗಳು ಹೆರಿಗೆಯಾದ ಆರೆಂಟು ತಿಂಗಳಲ್ಲಿ ಕೆಂಪು ಕಳೆದುಕೊಂಡು ಬೆಳ್ಳಗೆ ಮಾಸುತ್ತ ಹೋಗುತ್ತವೆ.