ಒಂದೇ ಏಟಿಗೆ ಸಾವು: ನನ್ನ ಟೇಬಲ್‌ನಲ್ಲಿ ನಾನು ಬದಲಿಸಿದ್ದು

ನನ್ನ ಅಕ್ಕನ ಮಗಳಿಗೆ ಆಗ 14 ವರ್ಷ. ನಾನು ಡಿ.ಎಂ. (ಕಥೆ ಹೇಳಿ ಶತ್ರುಗಳನ್ನು ಆಡಿಸುವವನು) ಆಗಿ ನಡೆಸುವ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟಕ್ಕೆ ಸೇರಿ ಐದು ಭಾನುವಾರ ಆಗಿತ್ತು. ಟೇಬಲ್ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕಿ ಆಡುವ ಕಥೆಯಾಟ ಇದು. ಅವಳದು ವಿಝರ್ಡ್, ಅಂದರೆ ಮಂತ್ರವಾದಿಯ ಪಾತ್ರ. ಆ ಪಾತ್ರದ ಊರು, ಕಳೆದುಹೋದ ತಮ್ಮ, ಹೆದರಿಕೆಗಳು, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು.

ಆವತ್ತು ನಾನು ಬ್ಯಾನ್‌ಶೀ ತಂದೆ. ಪಾಳುಮನೆಯಲ್ಲಿ ಅಳುವ ಹೆಂಗಸಿನ ಪ್ರೇತ. 2014ರ ಐದನೇ ಆವೃತ್ತಿಯ ನಿಯಮದಲ್ಲಿ ಅದಕ್ಕೆ ದಿನಕ್ಕೊಮ್ಮೆ ಚೀರುವ ಶಕ್ತಿ ಇದೆ. 30 ಅಡಿಯೊಳಗೆ ಆ ಚೀರಾಟ ಕೇಳಿಸಿಕೊಂಡವರೆಲ್ಲ 13ರ ಕಾನ್‌ಸ್ಟಿಟ್ಯೂಷನ್ ಸೇವ್ ಮಾಡಬೇಕು. ಅಂದರೆ 20 ಮುಖದ ದಾಳ ಹಾಕಿ, ಬಿದ್ದ ಅಂಕಿಗೆ ಪಾತ್ರದ ದೇಹಬಲದ ಅಂಕಿ ಸೇರಿಸಿ 13 ಮುಟ್ಟಬೇಕು. ತಪ್ಪಿದರೆ ಹಿಟ್ ಪಾಯಿಂಟ್ (ಪಾತ್ರದ ಜೀವದ ಅಂಕ) ಎಷ್ಟಿದ್ದರೂ ಸೀದಾ ಸೊನ್ನೆ, ಪ್ರಜ್ಞೆ ತಪ್ಪುತ್ತದೆ. ನಾಲ್ವರಲ್ಲಿ ಮೂವರು ಬಿದ್ದರು. ಹಾಗೆ ಬಿದ್ದವರು ಪ್ರತಿ ಸರದಿಗೂ ಡೆತ್ ಸೇವ್ ಅಂತ ದಾಳ ಹಾಕಬೇಕು, ಮೂರು ಸೋಲಾದರೆ ಸಾವು. ಅಕ್ಕನ ಮಗಳ ಮೊದಲ ಡೆತ್ ಸೇವ್ ತಪ್ಪಿತು. ಮುಂದಿನ ಸರದಿಯಲ್ಲಿ ಬ್ಯಾನ್‌ಶೀ ಅವಳನ್ನು ಮುಟ್ಟಿತು. ಪ್ರಜ್ಞೆ ತಪ್ಪಿದವರಿಗೆ ಹತ್ತಿರದಿಂದ ಬಿದ್ದ ಏಟು ಎರಡು ಸೋಲಿಗೆ ಸಮ. ಅಲ್ಲಿಗೆ ಪಾತ್ರ ಸತ್ತಿತು.

ಅವಳು ಅಳಲಿಲ್ಲ. "ಮಾಮ, ನಾನು ಏನು ಮಾಡಬೇಕಿತ್ತು?" ಅಂತ ಕೇಳಿದಳು. ಯೋಚಿಸಿ ನೋಡಿದೆ. ಅವಳು ಮಾಡಬಹುದಾಗಿದ್ದದ್ದು ಏನೂ ಇರಲಿಲ್ಲ. ನನ್ನ ಹತ್ತಿರ ಉತ್ತರವೇ ಇರಲಿಲ್ಲ.

ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ಕಾನ್‌ಸ್ಟಿಟ್ಯೂಷನ್ +2 ಇರುವವರಿಗೆ 20 ಮುಖದ ದಾಳದಲ್ಲಿ 11 ಅಥವಾ ಜಾಸ್ತಿ ಬೀಳಬೇಕು. ಅಂದರೆ ಅರ್ಧಕ್ಕರ್ಧ. ನಾಲ್ವರಿಗೂ ಹಾಗೇ ಇದ್ದರೆ, ಮೂವರು ಅಥವಾ ನಾಲ್ವರೂ ಬೀಳುವ ಸಾಧ್ಯತೆ 16ರಲ್ಲಿ 5. ಮೂರು ಸಲಕ್ಕೆ ಒಂದು ಸಲದ ಹತ್ತಿರ! ಇಷ್ಟು ದೊಡ್ಡ ಅಪಾಯವನ್ನು ನಾನು ಯಾವ ಸುಳಿವೂ ಕೊಡದೆ ಅವರ ಮುಂದೆ ಇಟ್ಟಿದ್ದೆ.

ಮೊದಲು ತಪ್ಪು ದಾರಿ ಹಿಡಿದೆ. ಅಂಥ ಶಕ್ತಿಗಳನ್ನೆಲ್ಲ ತೆಗೆದುಹಾಕಿದೆ. ಎರಡು ತಿಂಗಳಲ್ಲಿ ಆಟ ಸಪ್ಪೆಯಾಯಿತು. ಯಾವ ರಾಕ್ಷಸ ಬಂದರೂ ಎಲ್ಲರೂ ನೇರ ನುಗ್ಗುತ್ತಿದ್ದರು. ಬಾಗಿಲ ಹಿಂದೆ ಏನಿದೆ ಅಂತ ಕಿವಿಗೊಡುವವರೇ ಇರಲಿಲ್ಲ. ಭಯ ಬೇಕು. ಆದರೆ ಭಯಪಡುವುದಕ್ಕೂ ಸಾಯುವುದಕ್ಕೂ ನಡುವೆ ಏನಾದರೂ ಮಾಡುವುದಕ್ಕೆ ಒಂದು ಗಳಿಗೆ ಇರಬೇಕು.

ಆಮೇಲೆ ಹಳೆಯ ನಿಯಮಗಳನ್ನು ತಿರುವಿ ಹಾಕಿದೆ. 1974ರಲ್ಲಿ ಹುಟ್ಟಿದ ಆಟ ಇದು. ಮೊದಲ ಆವೃತ್ತಿಗಳಲ್ಲಿ ವಿಷ ತಾಗಿ ಸೇವ್ ತಪ್ಪಿದರೆ ಎಷ್ಟೋ ಸಲ ಸಾವೇ ಗತಿ. ಫಿಂಗರ್ ಆಫ್ ಡೆತ್ ಮಂತ್ರವೂ ಹಾಗೇ ಇತ್ತು. 2014ರ ಐದನೇ ಆವೃತ್ತಿಯಲ್ಲಿ ಅದೇ ಮಂತ್ರ 7ಡಿ8ರ (8 ಮುಖದ 7 ದಾಳ ಕೂಡಿಸಿದ್ದರ) ಜೊತೆ 30 ಸೇರಿಸಿದಷ್ಟು ಏಟು ಕೊಡುತ್ತದೆ, ಸೇವ್ ಆದರೆ ಅದರ ಅರ್ಧ. ಪವರ್ ವರ್ಡ್ ಕಿಲ್ ಇನ್ನೊಂದು ಥರ. ಸೇವ್ ಇಲ್ಲವೇ ಇಲ್ಲ. 100 ಅಥವಾ ಅದಕ್ಕಿಂತ ಕಡಿಮೆ ಹಿಟ್ ಪಾಯಿಂಟ್ ಇದ್ದರೆ ಸಾವು. ಕೇಳಿದರೆ ಕ್ರೂರ ಅನ್ನಿಸುತ್ತದೆ, ಆದರೆ ನನಗೆ ಇದು ತುಂಬಾ ಇಷ್ಟ. 100 ಅನ್ನುವ ಗೆರೆ ಆಟಗಾರರಿಗೆ ಮೊದಲೇ ಗೊತ್ತಿರುತ್ತದೆ. ಅದರ ಮೇಲೆ ಉಳಿಯುವುದಕ್ಕೆ ಅವರು ಒದ್ದಾಡುತ್ತಾರೆ, ಅಲ್ವಾ? ಆ ಒದ್ದಾಟವೇ ಆಟ.

ಪಾತ್‌ಫೈಂಡರ್ ಅನ್ನುವ ಇಂಥದೇ ಇನ್ನೊಂದು ಆಟದ 2019ರ ಎರಡನೇ ಆವೃತ್ತಿಯಲ್ಲಿ ಮತ್ತೊಂದು ದಾರಿ ಇದೆ. ಒಂದೇ ಏಟಿಗೆ ಕೆಡಹುವಂಥ ಮಂತ್ರಗಳಲ್ಲಿ, ಎದುರಾಳಿಯ ಲೆವೆಲ್ ಮಂತ್ರದ ಲೆವೆಲ್‌ನ ಎರಡರಷ್ಟಕ್ಕಿಂತ ಹೆಚ್ಚಿದ್ದರೆ, ಅವನ ಸೇವ್‌ನ ಫಲಿತಾಂಶ ಒಂದು ಮೆಟ್ಟಿಲು ಮೇಲೇರುತ್ತದೆ. ಅದನ್ನೂ ನನ್ನ ಆಟದಲ್ಲಿ ಹಾಕಿ ನೋಡಿದೆ. ಲೆಕ್ಕಕ್ಕೆ ಸರಿಹೋಯಿತು. ಆದರೆ ದೊಡ್ಡ ಶತ್ರು ಬಂದ ದಿನವೇ ತಮ್ಮ ಒಳ್ಳೆಯ ಮಂತ್ರ ಮೊಂಡಾಗುವುದು ನಮ್ಮವರಿಗೆ ಹಿಡಿಸಲಿಲ್ಲ. ಬಿಟ್ಟೆ.

ನಾನು ಉಳಿಸಿಕೊಂಡದ್ದು ಮುಖ್ಯವಾಗಿ ಮುನ್ಸೂಚನೆ. ಬ್ಯಾನ್‌ಶೀಯ ಚೀರಾಟ ಕೇಳಿಸಿಕೊಂಡವರಿಗೆ ಮಾತ್ರ ತಟ್ಟುತ್ತದೆ ಅಂತ ನಿಯಮದಲ್ಲೇ ಇದೆ. ಮೊದಲ ಸಲ ನಾನೇ ಅದರ ಕಡೆ ಗಮನ ಕೊಟ್ಟಿರಲಿಲ್ಲ. ಮುಂದಿನ ವರ್ಷ ಬ್ಯಾನ್‌ಶೀ ಮತ್ತೆ ಬಂತು. ಈ ಸಲ ಆ ಊರಿನವರೆಲ್ಲ ಕೊರಳಿಗೆ ಮೇಣದ ಉಂಡೆ ಕಟ್ಟಿಕೊಂಡು ಓಡಾಡುತ್ತಿದ್ದರು. ಯಾಕೆ ಅಂತ ಯಾರೂ ಹೇಳಲಿಲ್ಲ. ಒಂದು ಮುದುಕಿ ಮಾತ್ರ ಕತ್ತಲಾದ ಮೇಲೆ ಮಾತಾಡಿಸಿದರೂ ತಿರುಗಿ ನೋಡುತ್ತಿರಲಿಲ್ಲ. ಹುಡುಗರು ಅರ್ಧ ಗಂಟೆ ತಲೆ ಕೆಡಿಸಿಕೊಂಡು ಕೊನೆಗೆ ಆ ಮೇಣವನ್ನು ಕಿವಿಗೆ ತುಂಬಿಕೊಂಡರು. ಕಿವಿ ಮುಚ್ಚಿದ್ದರಿಂದ ಒಬ್ಬರಿಗೊಬ್ಬರ ಮಾತು ಕೇಳಬಾರದು. ಹಾಗಾಗಿ ಇಡೀ ಕಾಳಗವನ್ನು ಟೇಬಲ್ ಸುತ್ತ ಕೈಸನ್ನೆಯಲ್ಲೇ ಆಡಿದರು. ನಾನು ಕಂಡ ಒಳ್ಳೆಯ ಸಂಜೆಗಳಲ್ಲಿ ಅದೊಂದು.

ಆಟಗಾರರ ಕೈಯಲ್ಲಿ ಇಂಥ ಶಕ್ತಿ ಇದ್ದಾಗಲೂ ಕಷ್ಟವೇ. ನಮ್ಮ ಫೈಟರ್‌ಗೆ ನಾನೇ ಒಂದು ಕತ್ತಿ ಕೊಟ್ಟಿದ್ದೆ. ದಾಳದಲ್ಲಿ 20 ಬಿದ್ದರೆ ಶತ್ರುವಿನ ತಲೆ ಹಾರುತ್ತದೆ. 100ಕ್ಕೆ 5 ಸಲ ತಾನೇ ಅಂದುಕೊಂಡೆ. ಆದರೆ 11ನೇ ಲೆವೆಲ್ ಫೈಟರ್ ಒಂದು ಸರದಿಗೆ ಮೂರು ಏಟು ಹೊಡೆಯುತ್ತಾನೆ. ಆ್ಯಕ್ಷನ್ ಸರ್ಜ್ (ಅದೇ ಸರದಿಯಲ್ಲಿ ಮತ್ತೊಮ್ಮೆ ಹೊಡೆಯುವ ಶಕ್ತಿ) ಸೇರಿದರೆ ಆರು. ಆರರಲ್ಲಿ ಒಂದಾದರೂ 20 ಬೀಳುವ ಸಾಧ್ಯತೆ ಶೇ. 26. ಅಡ್ವಾಂಟೇಜ್ (ಪ್ರತಿ ಏಟಿಗೂ ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳುವುದು) ಇದ್ದರೆ ಶೇ. 46. ವಾರಗಟ್ಟಲೆ ಕೂತು ಕಟ್ಟಿದ ಖಳನಾಯಕ ಒಂದು ಮಾತೂ ಆಡದೆ ಮೊದಲ ರೌಂಡಿನಲ್ಲೇ ಹೋದ. ಉಳಿದ ಮೂವರು ಸುಮ್ನೆ ಕೂತಿದ್ದರು. ಅವರ ಸರದಿಯೇ ಬರಲಿಲ್ಲ.

2014ರ ನಿಯಮ ಪುಸ್ತಕದಲ್ಲಿರುವ ಇಂಥದೇ ವೋರ್ಪಲ್ ಕತ್ತಿಗೆ ಇದಕ್ಕೊಂದು ತಡೆ ಇದೆ. ಲೆಜೆಂಡರಿ ಆ್ಯಕ್ಷನ್ (ಬೇರೆಯವರ ಸರದಿ ಮುಗಿದಾಗಲೂ ಏನಾದರೂ ಮಾಡುವ ಶಕ್ತಿ) ಇರುವ ಶತ್ರುವಿನ ತಲೆ ಹಾರುವುದಿಲ್ಲ, ಅದರ ಬದಲು 6ಡಿ8 ಹೆಚ್ಚಿಗೆ ಏಟು ಬೀಳುತ್ತದೆ. ನಾನು ಅದನ್ನು ಸ್ವಲ್ಪ ಬದಲಿಸಿಕೊಂಡೆ. ಶತ್ರುವಿನ ಹಿಟ್ ಪಾಯಿಂಟ್ ಅರ್ಧಕ್ಕಿಂತ ಕೆಳಗಿದ್ದರೆ ಮಾತ್ರ ತಲೆ ಹಾರುತ್ತದೆ. ಇಲ್ಲದಿದ್ದರೆ 6ಡಿ8. ಅರ್ಧ ದಾಟಿದ ತಕ್ಷಣ ನಾನು ಬಾಯಿಬಿಟ್ಟು ಹೇಳುತ್ತೇನೆ. ಫೈಟರ್ ಆಡುವವನನ್ನು ಮೊದಲೇ ಕೂರಿಸಿಕೊಂಡು, ಯಾಕೆ ಅಂತ ವಿವರಿಸಿ, ಅವನು ಒಪ್ಪಿದ ಮೇಲೆಯೇ ಬದಲಿಸಿದ್ದು. ಈಗ ಉಳಿದವರೆಲ್ಲ ಸೇರಿ ಶತ್ರುವನ್ನು ಅರ್ಧಕ್ಕೆ ಇಳಿಸುತ್ತಾರೆ. 20 ಬಿದ್ದಾಗ ನಾಲ್ವರೂ ಕೂಗುತ್ತಾರೆ.

ಗುಟ್ಟಾಗಿ ದಾಳದ ಅಂಕಿ ಬದಲಿಸಿ ಉಳಿಸುವುದನ್ನು ಮಾತ್ರ ನಾನು ಮಾಡುವುದಿಲ್ಲ. ಒಮ್ಮೆ ಗೊತ್ತಾದರೆ ಅವರು ಗೆದ್ದ ಪ್ರತಿ ಗೆಲುವಿನ ಮೇಲೂ ಅನುಮಾನ ಬರುತ್ತದೆ.

ಹೋದ ವರ್ಷ ಮೆಡೂಸಾ ತಂದೆ. ಅದರ ಕಣ್ಣಿಗೆ ಕಣ್ಣು ಕೊಟ್ಟವರು 14ರ ಸೇವ್ ಮಾಡಬೇಕು. 2014ರ ನಿಯಮದಲ್ಲಿ 5 ಅಥವಾ ಜಾಸ್ತಿ ಅಂತರದಲ್ಲಿ ತಪ್ಪಿದರೆ ಆ ಕ್ಷಣವೇ ಕಲ್ಲು. ಆ ಒಂದು ಸಾಲನ್ನು ನಾನು ಹೊಡೆದುಹಾಕಿದ್ದೇನೆ. ನನ್ನ ಟೇಬಲ್‌ನಲ್ಲಿ ಮೊದಲು ಕಾಲು ಕಲ್ಲಾಗುತ್ತದೆ, ಒಂದು ಸರದಿ ಸಿಗುತ್ತದೆ, ಅದರ ಕೊನೆಯಲ್ಲಿ ಎರಡನೇ ಸೇವ್.

ಅಕ್ಕನ ಮಗಳ ಹೊಸ ಪಾತ್ರಕ್ಕೆ 4 ಬಿತ್ತು. "ಮಾಮ, ನನ್ನ ಸರದಿ ಇನ್ನೂ ಇದೆ ತಾನೇ?" ಅಂದಳು. ಇದೆ ಅಂದೆ. ಚೀಲದಿಂದ ಉಜ್ಜಿ ಹೊಳಪು ಮಾಡಿದ ಹಿತ್ತಾಳೆ ತಟ್ಟೆ ತೆಗೆದು ಮೆಡೂಸಾದ ಮುಖಕ್ಕೆ ಹಿಡಿದಳು. ಬೆಳಕಿನಲ್ಲಿ ತನ್ನದೇ ಬಿಂಬ ಕಂಡರೆ ಅದಕ್ಕೂ ಅದೇ ಶಾಪ. ಮೆಡೂಸಾ ಎರಡೂ ಸೇವ್ ತಪ್ಪಿತು. ಅವಳೂ ಎರಡನೆಯದನ್ನು ತಪ್ಪಿದಳು. ಗುಹೆಯಲ್ಲಿ ಎದುರುಬದುರು ಎರಡು ಕಲ್ಲು.

ಕಲ್ಲಾದವರನ್ನು ಬಿಡಿಸುವ ಗ್ರೇಟರ್ ರೆಸ್ಟೊರೇಷನ್ ಮಂತ್ರ ನಮ್ಮ ತಂಡದಲ್ಲಿ ಯಾರಿಗೂ ಇರಲಿಲ್ಲ. ವಿಗ್ರಹವನ್ನು ಎತ್ತಿನ ಗಾಡಿಗೆ ಹೇರಿಕೊಂಡು ದೂರದ ದೇವಸ್ಥಾನಕ್ಕೆ ಹೊರಟರು. ದಾರಿಯುದ್ದಕ್ಕೂ ಮಂತ್ರಕ್ಕೆ ಬೇಕಾದ 100 ಚಿನ್ನದ ನಾಣ್ಯದ ವಜ್ರದ ಪುಡಿಗೆ ದುಡ್ಡು ಕೂಡಿಸಿದರು. ಅದು ಮೂರು ಭಾನುವಾರದ ಪ್ರಯಾಣ. ಆ ಮೂರು ವಾರವೂ ಗಾಡಿ ಹೊಡೆಯುವ ಮುದುಕನ ಪಾತ್ರವನ್ನು ಆಡಿದ್ದು ಅವಳೇ.